ನೀಲಕಂಠನ ಸೊಪ್ಪು

ಹಸಿರು ಕಂಡರೆ ಸಾಕು, ಕೈ ಮುಗಿಯುವ ಜನ ನಮ್ಮ ಮನೆಯವರು. ಯಾವ ಹಸಿರು, ಏನು ಕುಡಿದು ಬೆಳೆದ ಹಸಿರು ಎಂದು ಕೇಳಿದರೆ ನಾನು ಕೊಂಕು ತೆಗೆಯುವವಳು. ಬೇಲೂರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದ ಮೇಲೆ ಅರಸೀಕೆರೆಯ ಮನೆಯಲ್ಲಿ ನನಗೆ ಉಳಿದ ಬಿರುದು ಅದೊಂದೇ. ಅಣ್ಣ ಕೊಬ್ಬರಿ ವ್ಯಾಪಾರಿ. ಕೊಬ್ಬರಿಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಗಿಟುಕು ಹೇಗಿದೆ ಎಂದು ಒಡೆಯದೆಯೇ ಹೇಳಬಲ್ಲ. ಅದೊಂದು ವಿದ್ಯೆ ಕೈವಶವಾಗಿದ್ದರಿಂದ ಜಗತ್ತಿನ ಉಳಿದೆಲ್ಲ ವಸ್ತುಗಳ ಒಳಗನ್ನೂ ಹೊರಗೆ ನಿಂತೇ ಹೇಳಬಲ್ಲೆ ಎಂದು ತಿಳಿದಿದ್ದ. ಈಗಲೂ ಹಾಗೆಯೇ ತಿಳಿದಿದ್ದಾನೆ.

ರೈಲು ಹಳಿಯ ಆಚೆ, ಊರು ಮುಗಿದು ತೆಂಗಿನ ತೋಟಗಳು ಶುರುವಾಗುವ ಕಡೆ, ಎಲ್ಲರೂ ಕಂಬದ ಯಾರ್ಡು ಎಂದು ಕರೆಯುವ ಜಾಗವೊಂದಿದೆ. ಕರೆಂಟಿಗೆ ಮರದ ಕಂಬ ನೆಡುತ್ತಿದ್ದ ಕಾಲದಲ್ಲಿ ಯಾರೋ ಕಂಟ್ರಾಕ್ಟರು ಅಲ್ಲಿ ಉದ್ದುದ್ದದ ತೊಟ್ಟಿಗಳನ್ನು ಕಟ್ಟಿಸಿ, ಗೆದ್ದಲು ಹಿಡಿಯದಿರಲೆಂದು ಕಂಬಗಳನ್ನು ಔಷಧಿಯ ನೀರಿನಲ್ಲಿ ನೆನೆಹಾಕಿಸುತ್ತಿದ್ದ. ಚಿಕ್ಕವಳಿದ್ದಾಗ ಆ ನೀರನ್ನು ನಾನು ಕಂಡಿದ್ದೇನೆ, ಹಸಿರು ಬಣ್ಣಕ್ಕೆ ತಿರುಗಿರುತ್ತಿತ್ತು. ತೊಟ್ಟಿಯಿಂದ ತೆಗೆದ ಕಂಬಗಳನ್ನು ಬಯಲಿನಲ್ಲಿ ಒಣಗಲು ಉರುಳಿಸಿದರೆ ತೊಟ್ಟಿಕ್ಕಿದ್ದೆಲ್ಲ ಮಣ್ಣಿಗೆ. ಸಿಮೆಂಟಿನ ಕಂಬ ಬಂದವು, ಯಾರ್ಡು ಮುಚ್ಚಿತು, ಕಂಟ್ರಾಕ್ಟರು ಎತ್ತಲೋ ಹೋದ. ತೊಟ್ಟಿಗಳಿಗೆ ಮಣ್ಣು ತುಂಬಿದರು, ಸುತ್ತ ಜಾಲಿ ಬೆಳೆಯಿತು. ಕೈಯಿಂದ ಕೈಗೆ ಹೋಗುತ್ತಾ ಆ ಜಾಗ ಅಣ್ಣನ ಪಾಲಿಗೆ ಬಂತು. ಮಾರೋಣವೆಂದರೆ ಕೊಳ್ಳುವವರಿಲ್ಲ, ತೆಂಗು ಇಡೋಣವೆಂದರೆ ಸಸಿ ಹತ್ತಲಿಲ್ಲ. ಆಗ ಅವನಿಗೆ ದಾನದ ಬುದ್ಧಿ ಹುಟ್ಟಿತು. ತನಗೆ ಉಪಯೋಗಕ್ಕೆ ಬಾರದ್ದನ್ನು ದೇವರಿಗೆ ಕೊಟ್ಟು ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಳ್ಳುವುದು ನಮ್ಮ ವರ್ತಕರಲ್ಲಿ ಹೊಸದೇನಲ್ಲ.

ದಾನ ಹೊರಟಿದ್ದು ಮಠದ ಕಡೆಯ ಒಂದು ಉಚಿತ ವಿದ್ಯಾರ್ಥಿನಿಲಯಕ್ಕೆ. ಗಂಡಸಿ, ಹಾರನಹಳ್ಳಿ ಸುತ್ತಲಿನ ಹಳ್ಳಿಗಳ ಮಕ್ಕಳು ಅಲ್ಲಿ ಉಳಿದುಕೊಂಡು ಓದುತ್ತಾರೆ. ಅವರ ಅಡುಗೆಮನೆಗೆ ಬೇಕಾದ ಸೊಪ್ಪು ಸದೆಯನ್ನೆಲ್ಲ ಯಾರ್ಡಿನಲ್ಲೇ ಬೆಳೆಯುವುದು, ಗೊಬ್ಬರದಂಗಡಿಯ ಯಾವ ಔಷಧಿಯನ್ನೂ ಹೊಡೆಯದಿರುವುದು ಎಂದು ಅಣ್ಣ ಸಮಿತಿಯವರ ಮುಂದೆ ಹೇಳಿ ಬಂದ. 'ವಿಷಮುಕ್ತ ಕೈತೋಟ' ಎಂದು ಬೋರ್ಡು ಬರೆಸಲು ಪೇಂಟರಿಗೂ ಹೇಳಿಯಾಗಿತ್ತು. ಜಾಲಿ ಕಡಿಸಿದ ಮೇಲೆ ನನ್ನನ್ನೂ ಅತ್ತಿಗೆಯನ್ನೂ ಆಟೋದಲ್ಲಿ ಕೂರಿಸಿಕೊಂಡು ತೋರಿಸಲು ಹೋದ.

ಅತ್ತಿಗೆಯ ಬಗ್ಗೆ ಎರಡು ಮಾತು ಹೇಳಬೇಕು. ಗಂಡಸಿ ಕಡೆಯ ಹೆಣ್ಣುಮಗಳು. ನಾನು ಬೇಲೂರಿಗೆ ಓಡಾಡಿದಷ್ಟು ಕಾಲವೂ ಮೊದಲ ಬಸ್ಸಿಗೆ ಮುಂಚೆ ಎದ್ದು ನನ್ನ ಊಟದ ಡಬ್ಬಿ ಕಟ್ಟಿಕೊಟ್ಟವರು. ಈ ಮನೆಯಲ್ಲಿ ನಾನು ಮನಸ್ಸಿನಲ್ಲೂ ಬೈಯದ ಒಂದೇ ಒಂದು ಜೀವ ಅದು. ಸೌಟಿನಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿ ನೋಡದೆ ಅವರು ಯಾರಿಗೂ ಏನನ್ನೂ ಬಡಿಸಿದವರಲ್ಲ. ನೈವೇದ್ಯಕ್ಕೆ ಮೊದಲೇ ಎತ್ತಿಟ್ಟು ಆಮೇಲೆ ರುಚಿ ನೋಡುತ್ತಿದ್ದರು. ನಮ್ಮಮ್ಮ ಇದ್ದಾಗ, ಬಡಿಸುವವಳು ಮೊದಲು ಬಾಯಿಗೆ ಹಾಕಿಕೊಳ್ಳಬಾರದು ಎಂದು ಎಷ್ಟೋ ಸಲ ಗೊಣಗಿದ್ದುಂಟು. ಅತ್ತಿಗೆ ಆ ಅಭ್ಯಾಸ ಬಿಡಲಿಲ್ಲ.

ಯಾರ್ಡಿನಲ್ಲಿ ತೊಟ್ಟಿಗಳ ಗೋಡೆ ಅಲ್ಲಲ್ಲಿ ತಲೆಯೆತ್ತಿತ್ತು. ಬಿರುಕುಗಳಲ್ಲಿ, ಕಂಬ ಒಣಹಾಕುತ್ತಿದ್ದ ನೆಲದ ಮೇಲೆ, ಸೊಂಟದೆತ್ತರ ಜರೀಗಿಡ. ಬೇರೆ ಕಳೆಯೆಲ್ಲ ಬಡಕಲಾಗಿ ಹಳದಿ ತಿರುಗಿದ್ದರೆ ಇದೊಂದು ಮಾತ್ರ ಈಗ ತಾನೇ ಸ್ನಾನ ಮಾಡಿ ಬಂದ ಹಾಗೆ ನಿಂತಿತ್ತು.

"ನೋಡಮ್ಮ, ನೀರು ಬಿಟ್ಟೋರಿಲ್ಲ, ಗೊಬ್ರ ಹಾಕ್ದೋರಿಲ್ಲ. ಎಂಗ್ ಬಂದೈತೆ! ಮಣ್ಣಲ್ಲಿ ಎಷ್ಟು ಸಾರ ಐತೆ ಅಂತ ಇನ್ನೇನ್ ಬೇಕು ಸಾಕ್ಷಿ?" ಎಂದ ಅಣ್ಣ.

"ನಿನ್ನ ತೆಂಗಿನ ಸಸಿ ಯಾಕೆ ಸತ್ತವು?" ಎಂದೆ.

"ಅದು ಸಸಿ ಕೊಟ್ಟೋನ ಮೋಸ."

ಸಸಿ ಕೊಟ್ಟವನು ಅದೇ ಸಸಿಗಳನ್ನು ಪಕ್ಕದ ತೋಟಕ್ಕೂ ಕೊಟ್ಟಿದ್ದ, ಅಲ್ಲಿ ಅವು ಗೊನೆ ಬಿಡುತ್ತಿದ್ದವು. ಅಣ್ಣನ ಜೊತೆ ವಾದಕ್ಕೆ ನಿಲ್ಲುವುದು ದಂಡ. ನಾನು ಗಿಡದ ಹತ್ತಿರ ಕುಳಿತು ಎಲೆ ಮಗುಚಿ ನೋಡಿದೆ. ಅಂಚಿನ ಉದ್ದಕ್ಕೂ ಮಡಿಕೆಯ ಕೆಳಗೆ ಕಂದು ಪಟ್ಟಿ, ತುದಿಯಲ್ಲಿ ಉಳಿದವಕ್ಕಿಂತ ಉದ್ದನೆಯ ಒಂಟಿ ಎಲೆ. ಗುರುತು ಹತ್ತಿತು.

ಇದೇ ಗಿಡವನ್ನು ನಾನು ಪ್ರತಿ ವರ್ಷ ಹಳೇಬೀಡಿನಲ್ಲಿ ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದೆ. ಅಲ್ಲಿ ದೇವಸ್ಥಾನದಿಂದ ಸ್ವಲ್ಪ ದೂರದ ಹಳೆಯ ಗಾರೆಗೋಡೆಯ ಸಂದಿಯಲ್ಲಿ ಅದು ಬೆಳೆಯುತ್ತದೆ. ಸುಣ್ಣ ಕಂಡರೆ ಅದಕ್ಕೆ ಪ್ರಾಣ. ನಾನು ಗೋಡೆಯ ಮುಂದೆ ನಿಂತು, ಹೂವಿಲ್ಲದೆ ಬೀಜವಿಲ್ಲದೆ ಬದುಕುವ ಗಿಡದ ಸಂಸಾರ ವಿವರಿಸುತ್ತಿದ್ದರೆ, ಪದವಿ ಪಡೆಯಲು ಬಂದ ಜಾಣರು ಬೆನ್ನು ತಿರುಗಿಸಿಕೊಂಡು ತಮ್ಮ ಮುಖದ ಫೋಟೋ ತಾವೇ ತೆಗೆದುಕೊಳ್ಳುತ್ತಿದ್ದರು. ಜೊತೆಗೆ ಬಂದ ಸಹೋದ್ಯೋಗಿಗಳಂತೂ ಮರದ ನೆರಳಿನಲ್ಲಿ ಕುಳಿತು ಸಂಬಳದ ಬಾಕಿಯ ಮಾತಾಡುತ್ತಿದ್ದರು. ಈ ಜರೀಗಿಡ ಆರ್ಸೆನಿಕ್ ಬಿದ್ದ ಮಣ್ಣಿನಲ್ಲಿ ಆ ವಿಷವನ್ನು ಹೀರಿ ಎಲೆಯಲ್ಲಿ ಕೂಡಿಹಾಕುತ್ತದೆ ಎಂದು ನಾನು ಓದಿದ್ದು ನನ್ನ ನೌಕರಿಯ ಕೊನೆಕೊನೆಗೆ. ತರಗತಿಯಲ್ಲಿ ಹೇಳಿದಾಗ, ಪರೀಕ್ಷೆಗೆ ಬರುತ್ತದೆಯೇ ಎಂದು ಒಬ್ಬ ಕೇಳಿದ. ಬರುವುದಿಲ್ಲ ಎಂದೆ, ಎಲ್ಲರೂ ಪೆನ್ನು ಕೆಳಗಿಟ್ಟರು.

ಗಿಡ ಅಲ್ಲಿದ್ದ ಮಾತ್ರಕ್ಕೆ ಮಣ್ಣು ಕೆಟ್ಟಿದೆ ಎನ್ನುವಂತಿಲ್ಲ. ಹಳೇಬೀಡಿನ ಗೋಡೆಯಲ್ಲೂ ಬೆಳೆಯುತ್ತದೆ, ಅಲ್ಲಿ ಯಾವ ವಿಷವೂ ಇಲ್ಲ. ಆದರೆ ಕಂಬದ ಔಷಧಿಯಲ್ಲಿ ತಾಮ್ರದ ಜೊತೆ ಆರ್ಸೆನಿಕ್ ಬೆರೆಸುತ್ತಿದ್ದರೆಂಬುದು ನನಗೆ ಗೊತ್ತಿತ್ತು. ಯಾರ್ಡಿನ ಮಣ್ಣನ್ನೂ ಎಲೆಯನ್ನೂ ಬೇರೆ ಬೇರೆ ಪೊಟ್ಟಣ ಕಟ್ಟಿ ಮೈಸೂರಿಗೆ ಕಳಿಸಿದೆ. ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪರೀಕ್ಷೆ ಮಾಡಿಸಿ ಫೋನು ಮಾಡಿದಳು. "ಮೇಡಂ, ಮಣ್ಣು ಕೆಟ್ಟದಾಗಿದೆ. ಎಲೆ ಇನ್ನೂ ಭಯಂಕರ. ಕೈ ತೊಳೆದುಕೊಂಡ್ರಿ ತಾನೆ?" ಎಂದು ಕೇಳಿದಳು.

ಮನೆಯಲ್ಲಿ ಆರ್ಸೆನಿಕ್ ಎಂದರೆ ಯಾರ ಮುಖದಲ್ಲೂ ಏನೂ ಆಗಲಿಲ್ಲ. ಇಲಿ ಪಾಷಾಣ ಎಂದೆ. ಅತ್ತಿಗೆಯ ಕೈಯಲ್ಲಿದ್ದ ಅಕ್ಕಿ ಮೊರ ಅಲ್ಲೇ ನಿಂತಿತು. "ಅಯ್ಯೋ ಶಿವನೆ! ಅದ್ರಾಗೆ ಮಕ್ಳಿಗೆ ಸೊಪ್ಪು ಬೆಳ್ಯದಾ?" ಎಂದರು. ಅಣ್ಣನಿಗೆ ಮಕ್ಕಳ ಚಿಂತೆಗಿಂತ ಬೋರ್ಡಿನ ಚಿಂತೆ ಹತ್ತಿತು, ಪೇಂಟರು ಅದಾಗಲೇ 'ವಿಷಮುಕ್ತ' ಎಂಬಷ್ಟನ್ನು ಬರೆದು ಮುಗಿಸಿದ್ದ.

ಸಮಿತಿಯ ಸಭೆಗೆ ನಾನೇ ಹೋದೆ. ಜರಿ ಪಂಚೆಯ, ಸಫಾರಿಯ ಮಹನೀಯರು ಅಂಬೊಡೆ ಮುಂದಿಟ್ಟುಕೊಂಡು ಕುಳಿತಿದ್ದರು. ಆ ಮಣ್ಣಿನಲ್ಲಿ ಬೆಳೆದ ಯಾವುದನ್ನೂ ಮಕ್ಕಳಿಗೆ ತಿನ್ನಿಸಬಾರದು, ಬೇಕಿದ್ದರೆ ಕೆಲವು ವರ್ಷ ಜರೀಗಿಡವನ್ನೇ ಬೆಳೆಯಲು ಬಿಟ್ಟು, ಎಲೆ ಕತ್ತರಿಸಿ ಸಾಗಹಾಕುತ್ತಾ ಬಂದರೆ ವಿಷ ನಿಧಾನಕ್ಕೆ ಇಳಿಯುತ್ತದೆ ಎಂದೆ. ಹೇಗೆ ಇಳಿಯುತ್ತದೆ ಎಂದು ಒಬ್ಬರು ಕೇಳಿದರು. ಕೇಳಿದವರಿಗೆ ಉತ್ತರ ಬೇಕಿರಲಿಲ್ಲ, ಅಂಬೊಡೆ ಅಗಿಯಲು ಸಮಯ ಬೇಕಿತ್ತು. ಆದರೂ ಹೇಳಿದೆ.

ಮಣ್ಣಿನಲ್ಲಿ ಆರ್ಸೆನಿಕ್ ರಂಜಕದ ವೇಷದಲ್ಲಿರುತ್ತದೆ. ರಂಜಕ, ಅಂದರೆ ಫಾಸ್ಫರಸ್, ಗಿಡಕ್ಕೆ ಬೇಕೇ ಬೇಕು. ಎರಡೂ ಹೆಚ್ಚುಕಡಿಮೆ ಒಂದೇ ಆಕಾರದವು, ಬೇರಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಒಳಗೆ ಬಿಟ್ಟುಕೊಳ್ಳುತ್ತದೆ. ರಾಗಿಯ ಬೇರೂ ಮೋಸ ಹೋಗುತ್ತದೆ, ತೆಂಗಿನ ಬೇರೂ ಮೋಸ ಹೋಗುತ್ತದೆ. ಆ ಗಿಡಗಳು ವಿಷವನ್ನು ಬೇರಿನಲ್ಲೇ ಕಟ್ಟಿಹಾಕಲು ಒದ್ದಾಡಿ, ಆಗದೆ ಸೊರಗುತ್ತವೆ. ಈ ಜರೀಗಿಡ ಬೇರಿನಲ್ಲಿ ಇಟ್ಟುಕೊಳ್ಳುವುದೇ ಇಲ್ಲ, ನೀರಿನ ಜೊತೆ ಮೇಲಕ್ಕೆ ಕಳಿಸಿಬಿಡುತ್ತದೆ. ತನ್ನೊಳಗೇ ಅದನ್ನು ಇನ್ನೊಂದು ರೂಪಕ್ಕೆ ತಿರುಗಿಸುತ್ತದೆ. ತಮಾಷೆಯೆಂದರೆ ಆ ರೂಪ ಮೊದಲಿನದಕ್ಕಿಂತ ಕಡು ವಿಷ. ಎಲೆ ತಲುಪಿದ ಮೇಲೆ ಜೀವಕೋಶದೊಳಗಿನ ರಸದ ಚೀಲಕ್ಕೆ ತುಂಬಿ ಅಲ್ಲೇ ಇಟ್ಟುಬಿಡುತ್ತದೆ, ಕೋಶದ ಉಳಿದ ಕೆಲಸಗಳಿಗೆ ಅದರ ಸೋಂಕಿಲ್ಲ. ಹೀಗಾಗಿ ಎಲೆಯಲ್ಲಿ ಮಣ್ಣಿಗಿಂತ ಎಷ್ಟೋ ಪಟ್ಟು ಹೆಚ್ಚು ವಿಷವಿದ್ದರೂ ಗಿಡ ನಳನಳಿಸುತ್ತದೆ. ತೀರಾ ಮಿತಿಮೀರಿದಾಗ ಮಾತ್ರ ಹಳೆಯ ಎಲೆಗಳ ತುದಿ ಸುಟ್ಟಂತೆ ಕಂದುತ್ತದೆ. ಇದೆಲ್ಲ ಗಿಡ ನಮಗಾಗಿ ಮಾಡುವ ಉಪಕಾರವಲ್ಲ. ವಿಷ ತುಂಬಿದ ಎಲೆಯನ್ನು ಮಿಡತೆ ತಿನ್ನುವುದಿಲ್ಲ, ಅದಷ್ಟೇ ಅದರ ಲಾಭವಿರಬಹುದು ಎಂದು ತಿಳಿದವರು ಹೇಳುತ್ತಾರೆ.

ನಾನು ಕುಳಿತುಕೊಳ್ಳುವುದನ್ನೇ ಕಾಯುತ್ತಿದ್ದ ಅಣ್ಣ ಎದ್ದು ನಿಂತ. ಅವನ ಕಣ್ಣು ಒದ್ದೆಯಾಗಿತ್ತು. ವ್ಯಾಪಾರದಲ್ಲಿ ಎಂದೂ ಒದ್ದೆಯಾಗದ ಕಣ್ಣು ಸಭೆಗಳಲ್ಲಿ ಬೇಗ ಒದ್ದೆಯಾಗುತ್ತದೆ.

"ಬುದ್ಧಿಯೋರೆ, ನನ್ ತಂಗಿ ಏನೋ ಇಂಗ್ಲಿಷ್ ಪುಸ್ತಕದ್ ಮಾತು ಹೇಳಿದ್ಲು. ನನಗೆ ತಿಳ್ದಿದ್ದು ಇಷ್ಟು. ಹಾಲಾಹಲ ಬಂದಾಗ ಯಾರ್ ಕುಡುದ್ರು? ನೀಲಕಂಠ. ಎಲ್ಲಿಟ್ಕಂಡ? ಗಂಟಲಾಗೆ. ಈ ಗಿಡ ಎಲ್ಲಿಟ್ಕಂಡೈತೆ? ಎಲೆಯಾಗೆ. ಇದು ಗಿಡ ಅಲ್ಲ ಕಣ್ರೀ, ಸಾಕ್ಷಾತ್ ಶಿವ!"

ಚಪ್ಪಾಳೆಯೋ ಚಪ್ಪಾಳೆ. ನನ್ನ ರಂಜಕವನ್ನು ಕೇಳದ ಕಿವಿಗಳೆಲ್ಲ ನೀಲಕಂಠನಿಗೆ ತೆರೆದವು. ಕೈತೋಟದ ಯೋಜನೆಯನ್ನು ಮುಂದೂಡಿ, ಯಾರ್ಡಿನಲ್ಲಿ 'ನೀಲಕಂಠ ವನ' ಮಾಡುವುದೆಂದು ತೀರ್ಮಾನವಾಯಿತು. ಮಕ್ಕಳು ಬಚಾವಾದರಲ್ಲ, ಅಷ್ಟು ಸಾಕು ಎಂದುಕೊಂಡು ಮನೆಗೆ ಬಂದೆ. ಪೆದ್ದರ ಗುಂಪಿನಲ್ಲಿ ಗೆದ್ದರೆ ಯಾಕೆ ಗೆದ್ದೆವೆಂದು ವಿಚಾರಿಸಿಕೊಳ್ಳಬೇಕಿತ್ತು.

ಕತ್ತರಿಸಿದ ಎಲೆಗಳನ್ನು ಒಣಗಿಸಿ ಮುಚ್ಚಳವಿರುವ ಡ್ರಮ್ಮುಗಳಲ್ಲಿ ತುಂಬಿಡಬೇಕು, ತಿಪ್ಪೆಗೆ ಹಾಕಬಾರದು, ದನಕ್ಕೆ ಹಾಕಬಾರದು, ಸುಡಬಾರದು, ವಿಷದ ಕಸ ವಿಲೇವಾರಿ ಮಾಡುವವರಿಗೇ ಒಪ್ಪಿಸಬೇಕು ಎಂದು ಗೇಟಿಗೆ ದಪ್ಪಕ್ಷರದಲ್ಲಿ ಬರೆಸಿ ಹಾಕಿದೆ. ಅಣ್ಣ ಅದರ ಮೇಲೆ ಒಂದು ತ್ರಿಶೂಲ ಬರೆಸಿದ. ಒಂದು ದಿನ ಹೋಗಿ ನೋಡಿದರೆ ಗಿಡಗಳ ಬುಡಕ್ಕೆಲ್ಲ ಬೂದು ಬಣ್ಣದ ಗೊಬ್ಬರ ಚೆಲ್ಲಿದೆ, ಸೂಪರ್ ಫಾಸ್ಫೇಟು. ಶಿವನಿಗೆ ಸೇವೆಯಂತೆ. ರಂಜಕ ಸುರಿದರೆ ಬೇರು ಅದನ್ನೇ ಮೊದಲು ತೆಗೆದುಕೊಳ್ಳುತ್ತದೆ, ಆರ್ಸೆನಿಕ್ ಒಳಗೆ ಹೋಗುವುದು ಕಡಿಮೆಯಾಗುತ್ತದೆ, ಮೇಲಾಗಿ ಮಣ್ಣಿಗೆ ಅಂಟಿಕೊಂಡಿದ್ದ ವಿಷ ಸಡಿಲವಾಗಿ ನೀರಿಗೆ ಇಳಿಯುತ್ತದೆ ಎಂದು ಕಿರುಚಿದೆ. "ಊಟ ಹಾಕಿದ್ರೆ ಬೇಡ ಅನ್ನೋ ಗಿಡ ಇದ್ಯಾ?" ಎಂದು ಅಣ್ಣ ನಕ್ಕ. ಸೇವೆ ಮಾಡುವವರನ್ನು ತಡೆಯುವುದು ಕಳ್ಳರನ್ನು ತಡೆಯುವುದಕ್ಕಿಂತ ಕಷ್ಟ.

ಆಮೇಲಿನದೆಲ್ಲ ಬೇಗ ಬೇಗ ಆಯಿತು. ಸೋಮವಾರ ಗಿಡಕ್ಕೆ ಕುಂಕುಮ ಬಿತ್ತು. ಯಾರೋ ಊದುಬತ್ತಿ ಸಿಕ್ಕಿಸಿದರು. ಅಣ್ಣನ ಜೊತೆ ಬೆಳಗಿನ ವಾಕಿಂಗ್ ಹೋಗುವ ಗುಂಪೊಂದಿತ್ತು. ದಿನಕ್ಕೊಂದು ಸೊಪ್ಪಿನ ಜ್ಯೂಸು ಕುಡಿದು, ಮೊಬೈಲಿನಲ್ಲಿ ಬಂದ ಆರೋಗ್ಯದ ಗುಟ್ಟುಗಳನ್ನು ಒಬ್ಬರಿಗೊಬ್ಬರು ಕಳಿಸಿಕೊಂಡು, ಹತ್ತು ಗಂಟೆಗೆ ಹೋಟೆಲಿನಲ್ಲಿ ಬೆಣ್ಣೆ ದೋಸೆ ತಿನ್ನುವ ಜನ. ಅವರ ನಡುವೆ ಒಂದು ಮಾತು ಓಡಾಡತೊಡಗಿತು. ಅದನ್ನು ಅಣ್ಣ ಮನೆಗೂ ತಂದ.

"ಮಣ್ಣಿನ್ ವಿಷ ಹೀರೋ ಗಿಡ ಮೈಯಾಗಿನ್ ವಿಷ ಹೀರಲ್ವಾ? ನೀನೇ ಯೋಚ್ನೆ ಮಾಡು."

ಅತ್ತಿಗೆ ಒಲೆಯ ಮುಂದಿದ್ದರು. ನಾನು ಮೂಲೆಯಲ್ಲಿದ್ದ ಪೊರಕೆ ತೋರಿಸಿದೆ. "ಅದು ನೆಲದ ಕಸ ತೆಗೆಯುತ್ತೆ. ಹೊಟ್ಟೆಯ ಕಸ ತೆಗೀಲಿ ಅಂತ ಅದನ್ನ ಬೇಯಿಸಿಕೊಂಡು ತಿಂತೀಯಾ?"

"ನಿನಗೆ ಎಲ್ಲಾ ತಮಾಸೆ."

"ತಮಾಷೆ ಅಲ್ಲ ಕಣೋ. ಅದು ವಿಷವನ್ನ ಕೊಂದಿಲ್ಲ. ಒಟ್ಟು ಮಾಡಿ ಇಟ್ಟಿದೆ. ಯಾರ್ಡಿನಲ್ಲೆಲ್ಲ ಹರಡಿದ್ದನ್ನ ಒಂದು ಎಲೆಯಲ್ಲಿ ತುಂಬಿ ನಿನ್ನ ಕೈಗೆ ಕೊಡ್ತಾ ಇದೆ."

"ನೀಲಕಂಠ ಕುಡುದ್ ಮೇಲೆ ಅದು ವಿಷವಾಗಿ ಉಳೀತಾ? ನಮ್ ಪುರಾಣ ಗೊತ್ತಿಲ್ದೋರು ನಮಗೆ ಪಾಠ ಹೇಳ್ತಾರೆ" ಎಂದ. ಶ್ರಾವಣದ ಮೊದಲ ಸೋಮವಾರದಿಂದ ವಿದ್ಯಾರ್ಥಿನಿಲಯದ ಮಕ್ಕಳಿಗೆಲ್ಲ ಬೆಳಿಗ್ಗೆ ಒಂದೊಂದು ಲೋಟ ಈ ಜರೀಗಿಡದ ರಸ ಕೊಡುವುದೆಂದು ಅವನು ಸಮಿತಿಯಲ್ಲಿ ಮಾತಾಡಿ ಮುಗಿಸಿದ್ದ. ಹಳ್ಳಿ ಮಕ್ಕಳು, ಹೊಟ್ಟೆಯಲ್ಲಿ ಜಂತು ಇರುತ್ತದೆ, ಎಲ್ಲ ತೊಳೆದು ಹೋಗಲಿ ಎಂದು ಸಮಿತಿಯವರೂ ತಲೆದೂಗಿದ್ದರು. ತಮ್ಮ ಮೊಮ್ಮಕ್ಕಳಿಗೆ ಕುಡಿಸುವ ಮಾತು ಅವರಲ್ಲಿ ಒಬ್ಬರೂ ಆಡಲಿಲ್ಲ.

ಮರುದಿನವೇ ವಿದ್ಯಾರ್ಥಿನಿಲಯಕ್ಕೆ ಹೋಗಿ ವಾರ್ಡನ್ನರಿಗೆ ಹೇಳಿದೆ. ಮೇಲಿನವರು ಹೇಳಿದ ಹಾಗೆ ನಾವು ಎಂದರು. ಒಂದು ತೊಟ್ಟು ಮಕ್ಕಳ ಬಾಯಿಗೆ ಹೋದರೂ ಪೊಲೀಸರನ್ನು ಕರೆಸುತ್ತೇನೆ ಎಂದೆ. ಅದು ಅಣ್ಣನ ಕಿವಿಗೆ ಬಿತ್ತು. ಮೂರು ದಿನ ಮಾತು ಬಿಟ್ಟ. ಆಮೇಲೆ ಬಂದು, "ಆಯ್ತು ಬಿಡಮ್ಮ, ನಿನ್ ಮಾತೇ ಆಗ್ಲಿ" ಎಂದ. ನಾನು ಯಾರ್ಡಿನ ಗೇಟಿಗೆ ಹೊಸ ಬೀಗ ಹಾಕಿ, ಬೀಗದ ಕೈಯನ್ನು ನನ್ನ ಚೀಲದಲ್ಲೇ ಇಟ್ಟುಕೊಂಡೆ. ಹಿಂದಿನ ಬೇಲಿಯಲ್ಲಿ ಹಂದಿ ನುಗ್ಗುವಷ್ಟು ಕಿಂಡಿ ಇತ್ತೆಂಬುದು ನನ್ನ ಗಮನಕ್ಕೆ ಬಂದಿರಲಿಲ್ಲ.

ಆಷಾಢದ ಕೊನೆಯಲ್ಲಿ ಬೇಲೂರಿನ ನನ್ನ ಹಳೆಯ ಸಹೋದ್ಯೋಗಿಯೊಬ್ಬಳಿಗೆ ಕಣ್ಣಿನ ಆಪರೇಷನ್ ಆಯಿತು. ನೋಡಿಕೊಳ್ಳುವವರಿಲ್ಲವೆಂದು ಕರೆದಳು, ಹೋದೆ. ವಾರ ಕಳೆದು ಜಾವಗಲ್ ಮೇಲಿನ ಬಸ್ಸಿನಲ್ಲಿ ಅರಸೀಕೆರೆಗೆ ಬಂದಿಳಿದಾಗ ಇನ್ನೂ ಬೆಳಗಿನ ಹೊತ್ತು. ಮನೆಯ ಬಾಗಿಲು ತೆರೆದಿತ್ತು. ಅಡುಗೆಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಅತ್ತಿಗೆ ಬಚ್ಚಲಿನ ಹೊಸ್ತಿಲಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. ಮುಖ ಬೂದಿಯಾಗಿತ್ತು. ನನ್ನನ್ನು ನೋಡಿ ನಗಲು ನೋಡಿದರು, ಆಗಲಿಲ್ಲ, ಬಗ್ಗಿ ವಾಂತಿ ಮಾಡಿಕೊಂಡರು.

ಅಣ್ಣ ಹಜಾರದಲ್ಲಿ ವಿಭೂತಿ ಧರಿಸಿ ಕುಳಿತಿದ್ದ.

"ಎದರ್ಬೇಡ. ಮೊನ್ನೆಯಿಂದ ವಾಂತಿ, ಭೇದಿ. ಒಳಗಿದ್ ವಿಷ ಎಲ್ಲಾ ಹೊರಗ್ ಬತ್ತಾ ಐತೆ. ಎಷ್ಟು ವರ್ಷದ್ದೋ ಏನೋ ಪಾಪ."

ಮಿಕ್ಸಿಯ ಜಾರಿನ ಬುಡದಲ್ಲಿ ಹಸಿರು ಚರಟ ಒಣಗಿತ್ತು. ಪಕ್ಕದಲ್ಲಿ ಒಂದು ಸಣ್ಣ ಸ್ಟೀಲಿನ ಲೋಟ. ಕಿಟಕಿಯ ಮೇಲೆ ನೀರು ಚಿಮುಕಿಸಿಟ್ಟ ಜರೀಗಿಡದ ಎಲೆಗಳು, ಹಳೆಯವು, ತುದಿ ಕಂದಿದವು. ಆ ಗಿಡದಲ್ಲಿ ವಿಷ ತೀರಾ ಹೆಚ್ಚಾದ ಎಲೆಗಳನ್ನೇ ಆರಿಸಿ ತಂದಿದ್ದರು. ಬಲಿತ ಎಲೆಯಲ್ಲಿ ಗುಣ ಜಾಸ್ತಿ ಎಂದು ವಾಕಿಂಗಿನ ಗುಂಪಿನ ಯಾವನೋ ಪಂಡಿತ ಹೇಳಿದ್ದನಂತೆ.

ನಾನು ಆ ದಿನ ಅಣ್ಣನಿಗೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಬರೆಯಲು ನಾಚಿಕೆಯೇನಿಲ್ಲ, ಅಚ್ಚು ಹಾಕುವವರು ತೆಗೆದುಬಿಡುತ್ತಾರೆ. ಕಾರು ತರಿಸಿ ಅತ್ತಿಗೆಯನ್ನು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಣ್ಣನೂ ಮುಂದಿನ ಸೀಟಿನಲ್ಲಿ ಕುಳಿತ. ಏನು ತಿಂದಿದ್ದರು ಎಂದು ಡಾಕ್ಟರು ಕೇಳಿದಾಗ, "ಮನೆ ಊಟ ಅಷ್ಟೆ ಸಾರ್, ಸ್ವಲ್ಪ ಗ್ಯಾಸ್ಟ್ರಿಕ್ಕು" ಎಂದ. ಎಂಥ ಮನುಷ್ಯ ನೋಡಿ. ಶಿವನನ್ನು ಅರೆದು ಕುಡಿಸಿದೆ ಎಂದು ಸಭೆಯಲ್ಲಿ ಹೇಳುವ ಧೈರ್ಯ ಡಾಕ್ಟರ ಮುಂದೆ ಬರಲಿಲ್ಲ. ನಾನು ಚೀಲದಿಂದ ಎಲೆಗಳ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಡಾಕ್ಟರು ಎಲೆಯನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಅಣ್ಣನನ್ನು ಬಹಳ ಹೊತ್ತು ನೋಡಿದರು. ಅತ್ತಿಗೆ ಆಸ್ಪತ್ರೆಯಲ್ಲಿದ್ದಾಗಲೇ ಶ್ರಾವಣದ ಮೊದಲ ಸೋಮವಾರ ಬಂತು, ಹೋಯಿತು. ಗಾಬರಿ ಬಿದ್ದ ಸಮಿತಿಯವರು ಸದ್ದಿಲ್ಲದೆ ರಸದ ಮಾತು ಕೈಬಿಟ್ಟರು. ನೀಲಕಂಠ ವನದ ಬೋರ್ಡು ಯಾರು ತೆಗೆದರೋ, ಒಂದು ದಿನ ಇರಲಿಲ್ಲ.

ಅತ್ತಿಗೆ ಉಳಿದರು. ಮನೆಗೆ ಬಂದ ಮೇಲೆ ತಲೆಗೂದಲು ಹಿಡಿ ಹಿಡಿಯಾಗಿ ಉದುರಿತು. ಕೈಬೆರಳು, ಕಾಲ್ಬೆರಳುಗಳಲ್ಲಿ ಜೋಮು ಹಿಡಿದದ್ದು ಇವತ್ತಿಗೂ ಬಿಟ್ಟಿಲ್ಲ. ಸೌಟಿನಿಂದ ಅಂಗೈಗೆ ಕುದಿಯುವ ಸಾರು ಬಿಟ್ಟುಕೊಂಡರೂ ಅವರಿಗೆ ಬಿಸಿ ತಿಳಿಯುವುದಿಲ್ಲ. ಬೊಬ್ಬೆ ಎದ್ದ ಮೇಲೆ ನೋಡಿಕೊಳ್ಳುತ್ತಾರೆ. ಸೌಟು ನಾನು ಕಸಿದುಕೊಂಡರೆ ಬೇಜಾರು ಮಾಡಿಕೊಳ್ಳುತ್ತಾರೆ.

ಅವರ ಉಗುರುಗಳ ಬುಡದಲ್ಲಿ ಬಿಳಿ ಗೆರೆ ಕಾಣಿಸಿದ್ದು ಕೆಲವು ವಾರಗಳಾದ ಮೇಲೆ. ಹತ್ತೂ ಬೆರಳಿಗೆ ಅಡ್ಡಡ್ಡ, ಒಂದೇ ಮಟ್ಟದಲ್ಲಿ. ಡಾಕ್ಟರನ್ನು ಕೇಳಿದೆ. ಆರ್ಸೆನಿಕ್ ಮೈಯೊಳಗೆ ಹೋದ ಸಮಯದ ಗುರುತು ಅದು, ಉಗುರಿನ ಜೊತೆ ಬೆಳೆದು ಮುಂದಕ್ಕೆ ಸರಿಯುತ್ತದೆ ಎಂದರು. ನಮ್ಮ ಮೈ ಕೂಡ ಕೈಲಾದ ಮಟ್ಟಿಗೆ ವಿಷವನ್ನು ಕೂದಲಿಗೆ, ಉಗುರಿಗೆ ತಳ್ಳುತ್ತದಂತೆ. ಜರೀಗಿಡ ಅದನ್ನು ಅಚ್ಚುಕಟ್ಟಾಗಿ ಮಾಡುತ್ತದೆ, ನಾವು ಅರ್ಧಂಬರ್ಧ ಮಾಡಿ, ಉಳಿದದ್ದನ್ನು ನರಗಳಿಗೆ, ಹೊಟ್ಟೆಗೆ ಹಂಚುತ್ತೇವೆ. ಗಿಡದಷ್ಟೂ ಯೋಗ್ಯತೆ ಇಲ್ಲದ ಪ್ರಾಣಿ ಗಿಡವನ್ನು ದೇವರು ಮಾಡಿತು.

ಆ ಗೆರೆ ಸರಿಯುವುದನ್ನು ನಾನು ದಿನಾ ನೋಡುತ್ತಿದ್ದೆ. ಅದು ಉಗುರಿನ ನಡುವಿಗೆ ಬಂದಾಗ ದಸರೆ ಕಳೆದಿತ್ತು. ತುದಿಗೆ ಮುಟ್ಟಿದಾಗ ಅವರೆಕಾಯಿಯ ಕಾಲ. ಒಂದು ಮಧ್ಯಾಹ್ನ ಹಿತ್ತಲಿನ ಬಿಸಿಲಿನಲ್ಲಿ ಅತ್ತಿಗೆಯನ್ನು ಕೂರಿಸಿಕೊಂಡು, ಹಳೆಯ ಪೇಪರು ಹಾಸಿ, ಅವರ ಉಗುರು ತೆಗೆಯತೊಡಗಿದೆ. ಅವರ ಕೈಗೆ ನೇಲ್ ಕಟ್ಟರ್ ಹಿಡಿದದ್ದು ತಿಳಿಯುವುದಿಲ್ಲ, ಚರ್ಮ ಕಡಿದುಕೊಳ್ಳುತ್ತಾರೆ. ಅಣ್ಣ ಬಾಗಿಲಲ್ಲಿ ಬಂದು ನಿಂತು, "ಆ ಉಗುರು ತೆಂಗಿನ ಬುಡಕ್ಕೆ ಹಾಕು, ಒಳ್ಳೆ ಗೊಬ್ರ" ಎಂದ. ನಾನು ತಲೆಯೆತ್ತಿ ನೋಡಿದೆ. ಏನೋ ನೆನಪಾದವನ ಹಾಗೆ ಒಳಗೆ ಹೋದ.

ಎಷ್ಟೋ ತಿಂಗಳಿಂದ ಹಿಡಿದಿಟ್ಟ ಸಿಟ್ಟು ಆಗ ಅತ್ತಿಗೆಯ ಮೇಲೇ ತಿರುಗಿತು. "ಅವನು ಪೆದ್ದ, ಬಿಡಿ. ನೀವು ಪೊರಕೆಯ ಮಾತು ಕೇಳಿಸಿಕೊಂಡಿದ್ದಿರಿ. ಇಲಿ ಪಾಷಾಣ ಅಂದಾಗ ನಿಮ್ಮ ಕೈಯ ಮೊರ ನಿಂತಿತ್ತು. ಗೊತ್ತಿದ್ದೂ ಗೊತ್ತಿದ್ದೂ ಯಾಕೆ ಕುಡಿದಿರಿ? ಗಂಡ ಹೇಳಿದ ಅಂತಲಾ? ಅವನು ಬಾವಿಗೆ ಬೀಳು ಅಂದ್ರೆ ಬೀಳ್ತೀರಾ?"

ಅತ್ತಿಗೆ ಇನ್ನೊಂದು ಕೈಯನ್ನೂ ಚಾಚಿದರು. ಬೈದರೂ ಬೆರಳು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಅವ್ರು ಏಳಿದ್ರು ಅಂತ ಅಲ್ಲ ಕಣೆ. ನಿನ್ ಮಾತಿಗೆ ಆಯ್ತು ಅಂದ್ರಲ್ಲ, ಅದು ಬರೀ ಬಾಯ್ಮಾತು. ನೀನು ಬೇಲೂರಿಗ್ ಓದ್ ದಿನಾನೇ ಸೊಪ್ಪು ತರಿಸಿದ್ರು. ಸೋಮವಾರ ಮಕ್ಳಿಗೆ ಕೊಡದೇ ಸೈ, ಅವಳು ಬರೋದ್ರೊಳಗೆ ಮುಗುಸ್ಬಿಡಾನ ಅಂದ್ರು. ಅರೆದುಕೊಡು ಅಂತ ನನಗೇ ಏಳಿದ್ರು."

"ನನಗೆ ಫೋನ್ ಮಾಡೋದಲ್ವಾ?"

"ಮಾಡಿ? ನೀನು ಬಂದು ಕಿರುಚ್ತಿದ್ದೆ. ಅವ್ರು ಇನ್ನೊಂದ್ ಸೋಮವಾರ ಕೊಡ್ತಿದ್ರು. ನೀನು ವಿಷ ಅಂತೀಯ, ಅವ್ರು ಅಮೃತ ಅಂತಾರೆ, ನನಗೆ ಓದು ಬರಲ್ಲ, ಯಾರ್ದು ದಿಟ ಅಂತ ಎಂಗೆ ತಿಳೀಬೇಕು? ನಾನು ಅರೆದಿದ್ದನ್ನ ನಾನು ನೋಡ್ದೆ ಎಂದಾದ್ರೂ ಬಡಿಸಿದ್ದೀನಾ? ಅದ್ಕೇ ಸೋಮವಾರಕ್ಕೆ ಮುಂಚೆ ದಿನಾ ಒಂದೊಂದು ಲೋಟ ಕುಡುದ್ ನೋಡ್ದೆ."

ನನ್ನ ಕೈಯಲ್ಲಿದ್ದ ಕಟ್ಟರ್ ನಿಂತಿತು. ಅವರಿಗೆ ಅದೂ ತಿಳಿಯಲಿಲ್ಲವೇನೋ, ಬೆರಳನ್ನು ಹಾಗೇ ನನ್ನ ಕೈಯಲ್ಲಿ ಬಿಟ್ಟು, ಪೇಪರಿನ ಮೇಲೆ ಬಿದ್ದ ಬಿಳಿ ಗೆರೆಯ ಚೂರುಗಳನ್ನು ನೋಡುತ್ತಾ ಹೇಳಿದರು.

"ಒಂದಿಷ್ಟೂ ಕಹಿ ಇರ್ಲಿಲ್ಲ ಕಣೆ. ಕಹಿ ಇದ್ದಿದ್ರೆ ಮಕ್ಳು ಉಗುದ್ಬಿಡೋವು, ನಾನು ಸುಮ್ನಿರ್ತಿದ್ದೆ. ಬೆಲ್ಲ ಹಾಕಿದ್ರಂತೂ ಇನ್ನೊಂದ್ ಲೋಟ ಕೇಳೋವು."